ನೀಲಕ್ಕನ ಬದು

ಶಿರಾಳಕೊಪ್ಪದಿಂದ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ನನಗೊಂದು ಚಾಳಿ. ಎಲ್ಲರೂ ಹೊಲ ನೋಡುತ್ತಾರೆ, ಬೆಳೆ ಹೇಗೆ ಬಂದಿದೆ ಎಂದು ಮಾತಾಡಿಕೊಳ್ಳುತ್ತಾರೆ. ನಾನು ಬದು ನೋಡುತ್ತೇನೆ. ಈ ಹೊಲಕ್ಕೂ ಆ ಹೊಲಕ್ಕೂ ನಡುವೆ ಎಷ್ಟು ಅಗಲ ಬಿಟ್ಟಿದ್ದಾರೆ, ಅದರ ಮೇಲೆ ಗಿಡವೋ ಪೊದೆಯೋ ಏನಾದರೂ ಉಳಿದಿದೆಯೋ, ಇಲ್ಲಾ ಕತ್ತಿಯಲ್ಲಿ ಹೆರೆದ ಹಾಗೆ ಒಂದು ಗೆರೆಯಷ್ಟೇ ಇದೆಯೋ ಎಂದು. ಒಮ್ಮೆ ಹೀಗೇ ನೋಡುತ್ತ ಕೂತು ಇಳಿಯುವ ಊರು ದಾಟಿಹೋಯಿತು. "ಏನಮ್ಮಾ, ನಿದ್ದೆ ಬಂದಿತ್ತಾ?" ಎಂದು ಕಂಡಕ್ಟರ್ ಕೇಳಿದ. ಹೌದಪ್ಪ ಎಂದೆ. ಬದು ನೋಡುತ್ತಿದ್ದೆ ಎಂದಿದ್ದರೆ ಪಾಪ, ಆತ ಏನೆಂದುಕೊಳ್ಳಬೇಕು, ನೀವೇ ಹೇಳಿ.

ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ. ನಾನು ಬೆಳೆದದ್ದು ಶಿರಾಳಕೊಪ್ಪದ ಪೇಟೆಯಲ್ಲಿ, ಅಪ್ಪನ ಬಟ್ಟೆ ಅಂಗಡಿಯ ಹಿಂದಿನ ಮನೆಯಲ್ಲಿ. ಸೊಪ್ಪು ಎಂದರೆ ಬಾಳೆನಾರಿನಲ್ಲಿ ಕಟ್ಟಿಕೊಂಡೇ ಹುಟ್ಟುತ್ತದೆ ಎನ್ನುವಷ್ಟು ನನ್ನ ಕೃಷಿ ಜ್ಞಾನ. ಮದುವೆಯಾಗಿ ತೊಗರ್ಸಿ ಕಡೆಯ ಈ ಹಳ್ಳಿಗೆ ಬಂದ ಮೊದಲ ಮಳೆಗಾಲದಲ್ಲಿ ಕಳೆ ತೆಗೆಯಲು ಹೊಲಕ್ಕೆ ಹೋದೆ. ಯಾರೂ ಕರೆದಿರಲಿಲ್ಲ, ಹೊಸ ಸೊಸೆ ಅನ್ನಿಸಿಕೊಳ್ಳುವ ಹುರುಪು. ಮಧ್ಯಾಹ್ನದವರೆಗೆ ಬಗ್ಗಿ ಕಿತ್ತು, ನಡ ಹಿಡಿದುಕೊಂಡು ನಿಂತಾಗ ನನ್ನ ಯಜಮಾನರ ಅಕ್ಕ ನೀಲಕ್ಕ ಬಂದು ಸಾಲನ್ನು ಉದ್ದಕ್ಕೆ ನೋಡಿದಳು.

"ಸರೋಜಾ, ಭಾಳ ಚಲೋ ಕೆಲಸ ಮಾಡೀ," ಎಂದಳು. "ತೊಗರಿ ಒಂದೂ ಬಿಟ್ಟಿಲ್ಲ. ಕಳೆ ಒಂದೂ ಮುಟ್ಟಿಲ್ಲ."

ನಾನು ಅತ್ತೇ ಬಿಟ್ಟೆ. ನೀಲಕ್ಕ ಮಾತ್ರ ನಾನು ಕಿತ್ತುಹಾಕಿದ ತೊಗರಿ ಸಸಿಗಳನ್ನು ದನಕ್ಕೆ ಹಾಕಿ, ನಾನು ಉಳಿಸಿದ ಕಳೆಯಿಂದ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಇನ್ನೂ ಏನೇನೋ ಆರಿಸಿ ಸೆರಗಿಗೆ ಹಾಕಿಕೊಂಡು, ಸಂಜೆ ಬೆರಕೆ ಸೊಪ್ಪಿನ ಸಾರು ಮಾಡಿದಳು. "ನಮ್ಮ ಸರೋಜ ಉಳಿಸಿದ್ದು" ಎಂದು ಎಲ್ಲರಿಗೂ ಹೇಳಿಕೊಂಡು ಬಡಿಸಿದಳು. ಮಾವ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಎದುರಿಗೆ ನಾನು ಅವಳನ್ನು "ನೀವು" ಎಂದೇ ಕರೆಯುತ್ತ ಬಂದವಳು. ಮನಸ್ಸಿನೊಳಗೆ ಮಾತ್ರ ಅವಳು ನನಗೆ ಯಾವಾಗಲೂ "ಅವಳು". ಇಲ್ಲೂ ಹಾಗೇ ಬರೆಯುತ್ತೇನೆ, ತಪ್ಪು ತಿಳಿಯಬೇಡಿ.

ನೀಲಕ್ಕನನ್ನು ಕೊಟ್ಟದ್ದು ಸೊರಬದ ಆಚೆ, ಕಾನುಕಾಡಿನ ಅಂಚಿನ ಒಂದು ಊರಿಗೆ. ಗಂಡ ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ಮಾವ ಹೋಗಿ ಕರೆದುಕೊಂಡು ಬಂದರಂತೆ. ಬಂದ ಮಾರನೆಯ ದಿನ ಮಗನನ್ನೂ ಮಗಳನ್ನೂ ಹೊಲಕ್ಕೆ ಕರೆದೊಯ್ದು, "ಹೊಲ ಮಂಜಂದು, ಬದು ನೀಲಂದು" ಎಂದರಂತೆ. ಅಷ್ಟೇ ಪಾಲುಪಟ್ಟಿ. ಪಹಣಿಯಲ್ಲಿ ಬದುವಿಗೆ ಜಾಗವೆಲ್ಲಿದೆ? ಆದರೂ ಆ ಮಾತು ನಮ್ಮ ಮನೆಯಲ್ಲಿ ಕಾಗದಕ್ಕಿಂತ ಗಟ್ಟಿಯಾಗಿ ನಡೆಯಿತು.

ಬದು ಎಂದರೆ ಈಗಿನ ಗೆರೆಯಂಥದ್ದಲ್ಲ. ಮೇಲಿನ ಹೊಲಕ್ಕೂ ಕೆಳಗಿನ ಹೊಲಕ್ಕೂ ನಡುವೆ, ಎತ್ತಿನ ಗಾಡಿ ಹೋಗುವಷ್ಟು ಅಗಲದ ದಿಬ್ಬ. ಒಂದು ಹೊಂಗೆ ಮರ, ಎರಡು ಮೂರು ಕಾರೆ ಪೊದೆ, ನಡುವೆಲ್ಲ ನೀಲಕ್ಕನ ಸಂಸಾರ. ತೊಗರಿ, ಅವರೆ, ಅಲಸಂದೆ, ಪುಂಡಿ, ಔಡಲ. ದೀಪಾವಳಿ ಹೊತ್ತಿಗೆ ಹುಚ್ಚೆಳ್ಳು ಹೂ ಬಿಟ್ಟರೆ ದೂರದಿಂದ ಯಾರೋ ಹಳದಿ ಸೀರೆ ಒಣಗಹಾಕಿದ ಹಾಗೆ ಕಾಣುತ್ತಿತ್ತು. ಇದನ್ನು ಹುಚ್ಚೆಳ್ಳು ಎನ್ನುವುದು ನೀಲಕ್ಕ ಸೊರಬದಿಂದ ತಂದ ಮಾತು. ನಮ್ಮ ಪೇಟೆ ಮನೆಯಲ್ಲಿ ಗುರೆಳ್ಳು ಎನ್ನುತ್ತಿದ್ದೆವು. ಚಟ್ನಿಪುಡಿ ಕುಟ್ಟುವಾಗೆಲ್ಲ ನಮ್ಮಿಬ್ಬರಿಗೂ ಇದೇ ಜಗಳ. "ಹುಚ್ಚು ನಿಮಗೆ, ಎಳ್ಳಿಗಲ್ಲ," ಎಂದು ಒಮ್ಮೆ ಅಂದುಬಿಟ್ಟೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಒನಕೆ ಬಿಟ್ಟು ನಕ್ಕಳು.

ಕಾರೆ ಪೊದೆಯಲ್ಲಿ ಕೋಲುಜೇನು ಕಟ್ಟುತ್ತಿತ್ತು. ಬೆಳಗಿನ ಜಾವ ಗೌಜಲಹಕ್ಕಿ ಕೂಗಿದರೆ ನೀಲಕ್ಕ ಹಾಸಿಗೆಯಲ್ಲೇ "ನನ್ನ ಕೋಳಿ ಎದ್ದವು" ಎನ್ನುತ್ತಿದ್ದಳು. ನನ್ನ ಮಗಳು ಕವಿತಾ ಬೇಸಿಗೆ ರಜೆ ಕಳೆದದ್ದು ಆ ಹೊಂಗೆಯ ಕೆಳಗೆ. ಸೋದರತ್ತೆ ಹೇಳಿದ ಕಥೆ ಕೇಳಿ ಮೊಲ ನೋಡುತ್ತೇನೆಂದು ಕಾದು ಕೂತು, ಬಾಯಿ ತೆರೆದು ನಿದ್ದೆ ಹೋಗುತ್ತಿತ್ತು.

ಬೆಳೆದದ್ದರಲ್ಲಿ ಮನೆಗೆ ಬೇಕಾದ್ದು ಇಟ್ಟು, ಉಳಿದದ್ದನ್ನು ನೀಲಕ್ಕ ಶಿರಾಳಕೊಪ್ಪದ ಸಂತೆಗೆ ಹೊರುತ್ತಿದ್ದಳು. ಗೋಣಿ ಹಾಸಿಕೊಂಡು ಅಪ್ಪನ ಅಂಗಡಿಗೆ ಕಾಣುವ ಹಾಗೇ ಕೂರುತ್ತಿದ್ದಳು. "ನಿಮ್ಮ ನೀಲಮ್ಮ ಕಾಳು ಮಾರಕ್ಕೆ ಬಂದಿದ್ರು," ಎಂದು ಅಪ್ಪ ಹೇಳಿದಾಗಲೆಲ್ಲ ನನಗೆ ಮೈ ಹಿಡಿಯಾಗುತ್ತಿತ್ತು. ಅವಳಿಗೆ ಏನೂ ಇಲ್ಲ. ಆ ದುಡ್ಡಿನಲ್ಲಿ ಅವಳ ಸೀರೆ, ಅವಳ ಎಲೆ ಅಡಿಕೆ, ಕವಿತಾಳಿಗೆ ಬಳೆ, ತೊಗರ್ಸಿ ಮಲ್ಲಿಕಾರ್ಜುನನಿಗೆ ಹಣ್ಣುಕಾಯಿ. ತಮ್ಮನ ಮುಂದೆ ಒಂದು ದಿನವೂ ಕೈ ಚಾಚಿದವಳಲ್ಲ. ಇನ್ನೊಂದು ಅಭ್ಯಾಸವಿತ್ತು. ಊಟಕ್ಕೆ ಕೂರುವ ಮುಂಚೆ ಅಡಿಗೆಮನೆಗೆ ಇಣುಕಿ, "ಇವತ್ತು ಅಡಿಗ್ಯಾಗ ನಂದೇನೈತಿ?" ಎನ್ನುತ್ತಿದ್ದಳು. ಪಲ್ಯದಲ್ಲಿ ಒಂದು ಹಿಡಿ ಅಲಸಂದೆಯಾದರೂ ಇರುತ್ತಿತ್ತು. ಅದನ್ನು ಕೇಳಿ ಕೂರುವಳು. ನಾನಿದನ್ನು ತಮಾಷೆ ಎಂದುಕೊಂಡಿದ್ದೆ.

ಆಮೇಲೆ ಗೋವಿನಜೋಳ ಬಂತು. ಪೇಪರಿನಲ್ಲಿ ಮೆಕ್ಕೆಜೋಳ ಎಂದು ಬರೆಯುವುದು ಇದನ್ನೇ. ಸುಳ್ಳು ಹೇಳಬಾರದು, ಅದು ಬಂದಾಗ ನನಗೆ ಸಂತೋಷವಾಗಿತ್ತು. ಅಂಜನಾಪುರ ಡ್ಯಾಮಿನ ನೀರು ನಮ್ಮ ಹೊಲದ ತನಕ ಬರುವುದಿಲ್ಲ, ನಮ್ಮದು ಮಳೆ ನಂಬಿದ ನೆಲ. ಬಿಳಿಜೋಳದ ಜೊತೆ ಹತ್ತು ಕಾಳು ಬೆರೆಸಿ ಬಿತ್ತಿ, ಹತ್ತನ್ನೂ ಬೇರೆ ಬೇರೆ ಕಾಲಕ್ಕೆ ಕೊಯ್ದು, ಒಂದೊಂದು ಚೀಲ ಮನೆಗೆ ತಂದು ಮಾಡುವುದೇನು? ಗೋವಿನಜೋಳ ಹಾಗಲ್ಲ. ಒಂದೇ ಸಲ ಬಿತ್ತು, ಒಂದೇ ಸಲ ಮುರಿ, ಲಾರಿ ಹೊಲಕ್ಕೇ ಬರುತ್ತದೆ. ಅಡಿಗೆಮನೆಗೆ ಗ್ಯಾಸು ಬಂತು, ನೆಲಕ್ಕೆ ಕಲ್ಲು ಬಂತು, ಕವಿತಾ ಶಿರಾಳಕೊಪ್ಪದ ಶಾಲೆಗೆ ಬಸ್ಸಿನಲ್ಲಿ ಹೋದಳು. ಹೊಲ ಬಡವಾಯಿತು ಎಂದು ಇವತ್ತು ಕಣ್ಣೀರು ಹಾಕುವ ನಾನು ಅವತ್ತು ಆ ಕಲ್ಲಿನ ನೆಲವನ್ನು ದಿನಕ್ಕೆರಡು ಸಲ ಒರೆಸುತ್ತಿದ್ದೆ.

ಕಳೆ ತೆಗೆಯಲು ಆಳು ಸಿಗುವುದು ಕಷ್ಟವಾದಾಗ ಯಜಮಾನರು ಕಳೆ ಔಷಧಿ ಹೊಡೆಸಿದರು. ಜೋಳದ ಗಿಡವೊಂದನ್ನು ಬಿಟ್ಟು ಬೇರೆಲ್ಲವನ್ನೂ ಸುಡುವ ಔಷಧಿ. ಹೊಲ ಗುಡಿಸಿದ ಅಂಗಳದಂತಾಯಿತು. ನನ್ನಂಥವಳು ಇನ್ನು ಕಳೆ ಯಾವುದು ಬೆಳೆ ಯಾವುದು ಎಂದು ಗೊಂದಲಪಡಬೇಕಿಲ್ಲ ಎಂದು ನಕ್ಕೆವು. ಆದರೆ ಗಾಳಿಗೆ ಬದು ಯಾವುದು ಹೊಲ ಯಾವುದು ಗೊತ್ತಾಗುತ್ತದೆಯೇ? ಅಂಚಿನ ಅಲಸಂದೆ ಬಳ್ಳಿ ಸುರುಟಿ ಬಿಳಿಚಿತು. ಮುಂದಿನ ವರ್ಷ ಔಷಧಿ ಹೊಡೆಯುವ ದಿನ ನೀಲಕ್ಕ ಬೆಳಗ್ಗೆಯೇ ಹೋಗಿ, ಬದುವಿನುದ್ದಕ್ಕೂ ಗೂಟ ನೆಟ್ಟು ತನ್ನ ಹಳೆಯ ಸೀರೆಗಳನ್ನು ಅಡ್ಡ ಕಟ್ಟಿದಳು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು.

"ಏನ್ ನೀಲಕ್ಕ, ಬದುಗೆ ಸೀರಿ ಉಡಿಸೀಯಲ್ಲ?"

"ಹ್ಞೂಂ ಕಣಪ್ಪ. ವಯಸ್ಸಿಗೆ ಬಂದೈತಿ," ಎಂದಳು ಅವಳು.

ನಮ್ಮವರು ಆ ಸಾಲಿನ ಹತ್ತಿರ ತಾವೇ ಕ್ಯಾನು ಬೆನ್ನಿಗೆ ಹಾಕಿಕೊಂಡು, ಬಗ್ಗಿ, ನೆಲಕ್ಕೆ ಮುಟ್ಟಿಸಿದ ಹಾಗೆ ಹೊಡೆದರು. ಅಕ್ಕನ ಮೇಲೆ ಅವರಿಗೆ ಪ್ರೀತಿಯಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಕವಿತಾ ಪಿಯುಸಿ ಮುಗಿಸಿ ನರ್ಸಿಂಗ್ ಓದುತ್ತೇನೆ ಎಂದಳು. ಸೀಟೂ ಸಿಕ್ಕಿತು. ಅದರ ಖರ್ಚು ನಮ್ಮ ಕೈ ಮೀರಿದ್ದು. ಮಾವ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಒಂದು ಬೆಳಗ್ಗೆ ಕಟ್ಟೆಯ ಮೇಲೆ ಕಾಫಿ ಕುಡಿಯುತ್ತ ಕೂತಿದ್ದಾಗ ಯಜಮಾನರು, ಯಾರಿಗೆ ಹೇಳುತ್ತಿದ್ದೇನೆ ಎನ್ನುವುದು ತಮಗೇ ಗೊತ್ತಿಲ್ಲದ ಹಾಗೆ, ಮಾತು ಶುರುಮಾಡಿದರು. ಎರಡೂ ಹೊಲ ಒಂದಾದರೆ ಟ್ರ್ಯಾಕ್ಟರ್ ತಿರುಗಲು ಸಲೀಸು, ನಡುವೆ ಒಂದಿಷ್ಟು ಸಾಲು ಹೆಚ್ಚು ಹಿಡಿಯುತ್ತದೆ, ಹೊಂಗೆಯ ನೆರಳಿಗೆ ಬೆಳೆ ಏಳುತ್ತಿಲ್ಲ, ಹೀಗೆ. ಬದು ಎನ್ನುವ ಶಬ್ದವನ್ನು ಮಾತ್ರ ಆಡಲಿಲ್ಲ. ನಾನು ಲೋಟದೊಳಗೆ ನೋಡುತ್ತ ಕೂತಿದ್ದೆ.

ನೀಲಕ್ಕ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸದೆ ಹೇಳಿದಳು: "ಒಡಿ ತಮ್ಮ. ಹುಡುಗಿ ಓದ್ಲಿ."

"ಹಂಗಲ್ಲಕ್ಕ, ನಾನು ಸುಮ್ನೆ..."

"ಇರೋದೊಂದು ಹುಡುಗಿ. ಬದು ಇಟ್ಕಂಡು ನಾನೇನು ಮಾಡ್ಲಿ? ಒಡಿ."

ನಮಗೆ ಹಗುರವಾಯಿತು. ಅವಳೇ ಹೇಳಿದಳಲ್ಲ ಎಂದುಕೊಂಡೆವು. ಜೆಸಿಬಿ ಬಂದು ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿಸಿತು. ಹೊಂಗೆ ಬೀಳುವಾಗ ನೀಲಕ್ಕ ಅಲ್ಲಿರಲಿಲ್ಲ, ಮನೆಯಲ್ಲಿ ಡ್ರೈವರಿಗೆ ಅಡಿಗೆ ಮಾಡುತ್ತಿದ್ದಳು. ಆತ ಎರಡನೆಯ ಸಲ ಪಲ್ಯ ಹಾಕಿಸಿಕೊಂಡು, "ಅವರೆಕಾಳು ಚಲೋ ಐತಮ್ಮ, ಎಲ್ಲಿದು?" ಎಂದು ಕೇಳಿದ. "ಇಲ್ಲೇದಪ್ಪ," ಎಂದಳು ನೀಲಕ್ಕ, ಇನ್ನೊಂದು ಸೌಟು ಹಾಕಿ.

ಆ ವರ್ಷ ಬೆಳೆ ಒಳ್ಳೆಯದೇ ಬಂತು. ಕವಿತಾ ಕಾಲೇಜು ಸೇರಿದಳು. ಮನೆಯಲ್ಲಿ ಜಗಳವಿಲ್ಲ, ಮುನಿಸಿಲ್ಲ. ನೀಲಕ್ಕ ಮಾತ್ರ ಊಟ ಕಡಿಮೆ ಮಾಡಿದಳು. ಕೇಳಿದರೆ "ಹೊಟ್ಟಿ ಭಾರ" ಎನ್ನುವಳು. ಒಂದು ದಿನ ಅಭ್ಯಾಸದಂತೆ ಅಡಿಗೆಮನೆಗೆ ಇಣುಕಿ, ಬಾಯಿಗೆ ಬಂದ ಮಾತನ್ನು ಅರ್ಧಕ್ಕೆ ನುಂಗಿ, ನನ್ನ ಮುಖ ನೋಡಿ ನಕ್ಕಳು. ನಾನೂ ನಕ್ಕೆ. ಸಂತೆಯಿಂದ ತಂದ ಬೀನ್ಸ್ ಪಲ್ಯ ಮಾಡಿದ್ದೆ ಅವತ್ತು.

ಮಾಗಿ ಚಳಿ ಶುರುವಾಗುವಾಗ, ಸೊರಬದ ಗಂಡನ ಮನೆಯಲ್ಲಿ ಮೈದುನನ ಹೆಂಡತಿಗೆ ಮೈ ಹುಷಾರಿಲ್ಲ, ನಾಲ್ಕು ದಿನ ಇದ್ದು ಬರುತ್ತೇನೆ ಎಂದು ಹೊರಟಳು. ಬಟ್ಟೆಯ ಗಂಟಿನ ಜೊತೆ ಬೀಜದ ಗಂಟನ್ನೂ ಕಟ್ಟಿಕೊಂಡಿದ್ದಳು. ಬೀಜ ಯಾಕಕ್ಕ ಎಂದು ನಾನು ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೂ ಇಲ್ಲ. ನಾಲ್ಕು ದಿನ ಹೋಗಿ ಯುಗಾದಿ ಬಂತು, ಆಮೇಲೆ ಮಳೆಗಾಲ ಬಂತು. ಫೋನು ಮಾಡಿದರೆ "ಬರ್ತೀನಿ ಬಿಡು" ಎನ್ನುವಳು. ಅವಳು ಬರುವುದಿಲ್ಲ ಎನ್ನುವುದು ನಮಗೆ ಒಂದು ದಿನ ಗೊತ್ತಾದದ್ದಲ್ಲ. ಗೋಡೆಗೆ ತೇವ ಏರಿದ ಹಾಗೆ ನಿಧಾನವಾಗಿ ಗೊತ್ತಾಯಿತು.

ಕವಿತಾ ಈಗ ಶಿಕಾರಿಪುರದಲ್ಲಿ ನರ್ಸ್. ಬಿಳಿ ಕೋಟು ಹಾಕಿಕೊಂಡು ಬಿರಬಿರನೆ ನಡೆಯುವ ಅವಳನ್ನು ನೋಡಿದಾಗ ಬದು ಒಡೆದದ್ದು ತಪ್ಪು ಎಂದು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಸರಿ ಎಂದು ಹೇಳಲೂ ಏಳುವುದಿಲ್ಲ.

ಅವಳ ಓದು ಮುಗಿಯುವ ಹೊತ್ತಿಗೆ ಹೊಲದ ಬಣ್ಣವೇ ಬೇರೆಯಾಗಿತ್ತು. ಅಡ್ಡ ಬದುವಿಲ್ಲದೆ ಮೇಲಿನ ಹೊಲದ ಮಣ್ಣು ಮಳೆಗೆ ಕೆಳಗಿಳಿದು ಹಳ್ಳ ಸೇರಿತು. ಗೊಬ್ಬರ ಹೆಚ್ಚು ಸುರಿದಷ್ಟೂ ಹೆಚ್ಚು ಕೇಳುತ್ತಿತ್ತು. ಆಮೇಲೆ ಲದ್ದಿ ಹುಳು ಬಿತ್ತು. ಗೋವಿನಜೋಳದ ಸುಳಿಯೊಳಗೇ ಕೂತು ತಿನ್ನುವ ಹುಳು. ಅದಕ್ಕೊಂದು ಔಷಧಿ, ಆ ಔಷಧಿಗೆ ಬಗ್ಗದಿದ್ದರೆ ಇನ್ನೊಂದು. ಒಂದು ದಿನ ಯಜಮಾನರು ಹೊಲದ ನಡುವೆ ನಿಂತು ಸುತ್ತ ನೋಡಿ, "ಮೊದ್ಲು ಕಾಜಾಣ ಬರ್ತಿದ್ವು. ತೊಗರಿ ಗಿಡದ ಮ್ಯಾಲೆ ಕೂತು ಹುಳ ಹೆಕ್ತಿದ್ವು. ಈಗ ಬಂದ್ರೂ ಎಲ್ಲಿ ಕೂರ್ಬೇಕು?" ಎಂದರು. ನನಗೆ ಆ ಹಕ್ಕಿಯ ಬಾಲ ಮಾತ್ರ ನೆನಪಿಗೆ ಬಂತು, ಎರಡು ಕವಲಿನದು.

ಮುಂದಿನ ಬೇಸಿಗೆಯಲ್ಲಿ ಅವರು ಮತ್ತೆ ಜೆಸಿಬಿ ಕರೆಸಿ ಅದೇ ಜಾಗದಲ್ಲಿ ಬದು ಹಾಕಿಸಿದರು. ಮೊದಲಿನಷ್ಟು ಅಗಲವಲ್ಲ, ಅಷ್ಟು ಬಿಡಲು ಮನಸ್ಸಿಗೆ ಧೈರ್ಯ ಸಾಲಲಿಲ್ಲ. ಬದುವಿನ ಎರಡೂ ಕಡೆ ಒಂದಿಷ್ಟು ಸಾಲಿಗೆ ಕಳೆ ಔಷಧಿ ಹೊಡೆಯುವುದಿಲ್ಲ ಎಂದು ತೀರ್ಮಾನಿಸಿದರು. ಉಳಿದ ಹೊಲದಲ್ಲಿ ಗೋವಿನಜೋಳವೇ. ಮನೆ ನಡೆಯಬೇಕಲ್ಲ. ಊರಿನಲ್ಲಿ ಮಂಜಪ್ಪನಿಗೆ ವಯಸ್ಸಾಯಿತು ಎಂದು ಆಡಿಕೊಂಡರು. ಆದರೆ ಮಣ್ಣು ಎಳೆದು ದಿಬ್ಬ ಮಾಡಿದ ಮಾತ್ರಕ್ಕೆ ಬದು ಆಗುತ್ತದೆಯೇ? ಮೊದಲ ಮಳೆಗೆ ಅದರ ಮೇಲೆ ಪಾರ್ಥೇನಿಯಂ ಒಂದೇ ಎದ್ದಿತು. ಅದು ಕಳೆ ಎಂದು ನನಗೂ ಗೊತ್ತಿತ್ತು.

ಬೀಜ ಕೇಳಲು ನಾವಿಬ್ಬರೂ ಸೊರಬಕ್ಕೆ ಹೋದೆವು. ಬೀಜ ಎನ್ನುವುದು ನೆಪ, ನೀಲಕ್ಕನನ್ನು ಕರೆದುಕೊಂಡು ಬರುವುದು ಮನಸ್ಸಿನಲ್ಲಿದ್ದದ್ದು. ಮೈದುನನ ಮನೆಯ ಹಿಂದೆ ಗದ್ದೆ, ಗದ್ದೆ ದಾಟಿದರೆ ಕಾನು. ಹಗಲಿನಲ್ಲೂ ಒಳಗೆ ಕತ್ತಲು ಉಳಿಸಿಕೊಂಡ ದಟ್ಟ ಕಾಡು. ಅದರ ಅಂಚಿನಲ್ಲಿ ನೀಲಕ್ಕ ಸೆರಗು ಸಿಕ್ಕಿಸಿಕೊಂಡು ಏನೋ ಆರಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗದ್ದೆಯ ಅಂಚಿನ ಮೇಲೆ ನಮ್ಮ ಅಲಸಂದೆ, ನಮ್ಮ ಅವರೆ. ಬೇಲಿಗೆ ಪುಂಡಿ.

ಊಟವಾದ ಮೇಲೆ ಕೇಳುವ ಮುಂಚೆಯೇ ಬೀಜದ ಗಂಟು ತಂದು ಬಿಚ್ಚಿದಳು. ಯಾವುದು ಮೊದಲು, ಯಾವುದು ಆಮೇಲೆ ಎಂದು ನನಗೆ ಹೇಳಿಕೊಟ್ಟಳು. ಯಜಮಾನರು ಕೇಳುತ್ತ ಕೂತಿದ್ದರು. ಕೊನೆಗೆ ಅಂದರು: "ಅಕ್ಕ, ಬೀಜ ನೀನೇ ಬಂದು ಹಾಕು. ಬದು ಮತ್ತೆ ಹಾಕೀನಿ. ನಿಂದೇ ಅದು."

ನೀಲಕ್ಕ ಗಂಟಿನ ಬಾಯಿ ಬಿಗಿದಳು. "ಬ್ಯಾಡ ಮಂಜ."

"ಇಲ್ಲೇನೈತಿ ನಿಂದು?"

"ಇಲ್ಲಿ ನಂದು ಏನೂ ಇಲ್ಲ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. "ಕಾನಿನ ಅಂಚಿಗೆ ಹೋಗ್ತೀನಿ, ಸಿಕ್ಕಿದ್ದು ತರ್ತೀನಿ. ಇದನ್ನ ನಂಗೆ ಯಾರೂ ಕೊಟ್ಟಿಲ್ಲ. ಯಾರೂ ಕೊಡದೆ ಇದ್ದದ್ದನ್ನ ಯಾರೂ ತಗಳಂಗಿಲ್ಲ ನೋಡು. ಹಂಗಾಗಿ ಹಗುರ ಅದೀನಿ."

ಆಮೇಲೆ ನನ್ನ ಕಡೆ ತಿರುಗಿ ಕವಿತಾಳ ಸುದ್ದಿ ಕೇಳಿದಳು. ಹುಡುಗಿ ರಾತ್ರಿ ಪಾಳಿ ಮಾಡುತ್ತಾಳಾ, ಸರಿಯಾಗಿ ಉಣ್ಣುತ್ತಾಳಾ ಎಂದೆಲ್ಲ. ಹೊರಡುವಾಗ ಅವಳಿಗೆಂದೇ ಒಂದು ಡಬ್ಬಿ ಹುಚ್ಚೆಳ್ಳು ಚಟ್ನಿಪುಡಿ ಕೊಟ್ಟಳು.

ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರ ಬಸ್ಸಿಗೆ ಕಾಯುವಾಗ ಯಜಮಾನರು ಹೇಳಿದರು.

"ಅವತ್ತು ಅವಳು ಒಡಿ ಅಂದಾಗ ನಾನು ಒಂದು ಸಲ ಬ್ಯಾಡಕ್ಕ ಅನ್ನಬೇಕಿತ್ತು."

"ಅಂದಿದ್ರೂ ಒಡಿಸ್ತಿದ್ರು ರೀ ಅವ್ರು."

"ಒಡಿಸ್ತಿದ್ಲು," ಎಂದರು. "ಆದ್ರೂ ಅನ್ನಬೇಕಿತ್ತು."

ಬೀಜ ಹಾಕಿದೆವು. ಮೊದಲ ವರ್ಷ ಅರ್ಧಕ್ಕರ್ಧ ಏಳಲೇ ಇಲ್ಲ, ಎದ್ದದ್ದೂ ಬಡಕಲು. ಹುಚ್ಚೆಳ್ಳು ಪೂರ್ತಿ ಹೋಯಿತು. ಮಣ್ಣಿನಲ್ಲಿ ಹಳೆಯ ಔಷಧಿಯ ಕಾವು ಇನ್ನೂ ಇದೆ ಎಂದರು ಯಾರೋ. ಎರಡನೆಯ ವರ್ಷ ತೊಗರಿ ನಿಂತಿತು. ಅಲಸಂದೆ ಹಬ್ಬಿತು. ಗೋವಿನಜೋಳದ ಹುಳು ಕಡಿಮೆಯಾಯಿತು ಎಂದು ಹೇಳಿದರೆ ನೀವು ಸಮಾಧಾನಪಡುತ್ತೀರಿ, ಆದರೆ ಅದು ಅಷ್ಟೇನೂ ಕಡಿಮೆಯಾಗಲಿಲ್ಲ. ಕೈಗೆ ಬರುವ ದುಡ್ಡು ಸ್ವಲ್ಪ ಇಳಿದದ್ದು ಮಾತ್ರ ನಿಜ. ಗೌಜಲಹಕ್ಕಿ ಮತ್ತೆ ಬರಲಿಲ್ಲ. ಹೊಸ ಹೊಂಗೆ ಸಸಿ ನನ್ನ ಮೊಣಕಾಲಿನಷ್ಟಿದೆ. ಅದರ ನೆರಳಿನಲ್ಲಿ ಯಾರೋ ಮಲಗುವ ಕಾಲಕ್ಕೆ ನಾನಿರುವುದಿಲ್ಲ.

ಈ ಸಲ ಮಾಗಿಯಲ್ಲಿ ಅವರೆ ಸೊಗಸಾಗಿ ಕಾಯಿ ಕಟ್ಟಿತು. ಮದುವೆಯಾಗಿ ಬಾಣಂತನಕ್ಕೆ ಬಂದಿದ್ದ ಕವಿತಾಳ ಮಗುವಿಗೆ ಹೆಸರಿಡುವ ದಿನ ನೀಲಕ್ಕ ಬಂದಳು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ಕೂತಳು. ಮಾರನೆಯ ಬೆಳಗ್ಗೆ ಬಸ್ಸಿಗೆ ಮುಂಚೆ, ನಾನೇ ಬಲವಂತ ಮಾಡಿ ಹೊಲಕ್ಕೆ ಕರೆದುಕೊಂಡು ಹೋದೆ. ಇಬ್ಬನಿ ಇನ್ನೂ ಆರಿರಲಿಲ್ಲ. ಅವರೆಯ ಸೊಗಡು ದೂರಕ್ಕೇ ಮೂಗಿಗೆ ಬಡಿಯುತ್ತಿತ್ತು. ನೀಲಕ್ಕ ಬದುವಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ನಡೆದಳು. ಬಾಗಿದ ಬಳ್ಳಿಯನ್ನು ಎತ್ತಿ ಗೂಟಕ್ಕೆ ಹಬ್ಬಿಸಿದಳು. ಒಂದು ಎಲೆ ಮಗುಚಿ ನೋಡಿದಳು. "ಚಲೋ ಬಂದೈತಿ," ಎಂದಳು.

ಒಂದು ಕಾಯಿಯನ್ನೂ ಕೀಳಲಿಲ್ಲ. ಹೊಲಕ್ಕೆ ಹೋದರೆ ಸೆರಗು ತುಂಬದೆ ಮನೆಗೆ ಬಾರದ ಹೆಂಗಸು, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು, ಯಾರದೋ ಮನೆಯ ಅಂಗಳ ನೋಡಲು ಬಂದವಳ ಹಾಗೆ.

"ಅಕ್ಕಾ, ಒಂದಿಷ್ಟು ಕಿತ್ಕಳ್ರಿ. ನೀವು ಕೊಟ್ಟ ಬೀಜದ್ದೇ."

"ನೀನೇ ಕಿತ್ತು ಕೊಡು ಸರೋಜಾ," ಎಂದಳು ನೀಲಕ್ಕ. "ತವರಿಂದು ನಾವಾಗೇ ಕಿತ್ಕಬಾರ್ದು. ಕೊಟ್ರೆ ಒಯ್ಬೇಕು."

ನಾನು ಬಗ್ಗಿ ಕೀಳತೊಡಗಿದೆ. ಬಲಿತದ್ದು, ಎಳೆಯದು, ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ಅವಳ ಚೀಲಕ್ಕೆ ತುಂಬಿದೆ. ಚೀಲ ಅರ್ಧ ದಾಟಿದರೂ ನಿಲ್ಲಿಸಲಿಲ್ಲ. ನೀಲಕ್ಕ ಚೀಲದ ಬಾಯಿ ಅಗಲಿಸಿ ಹಿಡಿದು ನಿಂತಿದ್ದಳು. ಆಮೇಲೆ ಒಂದು ಕೈ ಬಿಟ್ಟು ನನ್ನ ಮಣಿಕಟ್ಟು ಹಿಡಿದಳು.

"ಸಾಕು ಸರೋಜಾ," ಎಂದಳು. "ಬೀಜಕ್ಕೆ ಒಂದಿಷ್ಟು ಬಿಡು."